ನೃತ್ಯ ಕಂಪನಿ ಕಟ್ಟೋದು ಅಂದ್ರೆ: ಗುಬ್ಬಿ ಕಲಿಸಿದ ಲೆಕ್ಕ

ಡ್ಯಾನ್ಸ್ ಕ್ಲಾಸ್ ಬೇರೆ, ಡ್ಯಾನ್ಸ್ ಕಂಪನಿ ಬೇರೆ. ಕ್ಲಾಸಿನಲ್ಲಿ ಕುಣಿಯೋರು ಫೀಸ್ ಕೊಡ್ತಾರೆ, ಕಂಪನಿಯಲ್ಲಿ ಕುಣಿಯೋರಿಗೆ ಸಂಬಳ ಕೊಡಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಭರತನಾಟ್ಯ ಕಲಿಸುವವರಿದ್ದಾರೆ. ಸೋಮನ ಕುಣಿತ, ವೀರಗಾಸೆ ಜಿಲ್ಲೆಯ ಜಾತ್ರೆಗಳಲ್ಲಿ ಇವತ್ತಿಗೂ ಇವೆ. ಆದರೆ ಕುಣಿತವನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ ಹತ್ತುತ್ತಾರೆ. ಒಬ್ಬ ನೃತ್ಯ ಸಂಯೋಜಕಿ ಇಲ್ಲೇ ಹೊಸ ಕಂಪನಿ ಶುರು ಮಾಡಿದರೆ ಏನೇನು ಬೇಕಾದೀತು? ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಹಾಗಾಗಿ ಕಲೆಯ ಮಾತಿಗಿಂತ ಮೊದಲು ಲೆಕ್ಕದ ಮಾತು.

ಕಂಪನಿ ಅನ್ನೋ ಪದ ನಮ್ಮೂರಿನದೇ

ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಸಾಧನೆ ಅಂತ ನನಗೆ ಅನಿಸೋದು ಬೇರೆ. ಊರೂರಲ್ಲಿ ಕ್ಯಾಂಪ್ ಹಾಕಿ, ಟಿಕೆಟ್ ದುಡ್ಡಿನಿಂದಲೇ ನಟರು, ವಾದ್ಯದವರು, ಪರದೆ ಬರೆಯುವವರು, ಅಡುಗೆಯವರು ಹೀಗೆ ದೊಡ್ಡ ಸಂಸಾರವನ್ನೇ ಕಂಪನಿ ಸಾಕಿತು. ಬಿ.ವಿ. ಕಾರಂತರಂಥ ಹುಡುಗ ಮನೆ ಬಿಟ್ಟು ಬಂದಾಗ ಅಲ್ಲಿ ಊಟವೂ ಇತ್ತು, ಕಲಿಕೆಯೂ ಇತ್ತು. ಮುಂದೆ ಅವರನ್ನು ಬನಾರಸ್‌ಗೆ ಓದಲು ಕಳಿಸಿದ್ದೂ ವೀರಣ್ಣನವರೇ.

ನೃತ್ಯದವರು ಬದುಕಿದ್ದು ಹೇಗೆ?

ನಾಟಕದಂತೆ ದಿನಾ ರಾತ್ರಿ ಟಿಕೆಟ್ ಮಾರುವ ಅವಕಾಶ ನೃತ್ಯಕ್ಕೆ ನಮ್ಮಲ್ಲಿ ಸಿಗಲಿಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು.

ಬೆಂಗಳೂರಿನ ಮಾಯಾ ರಾವ್ ಶಂಭು ಮಹಾರಾಜರ ಬಳಿ ಕಥಕ್ ಕಲಿತು, ಸೋವಿಯತ್ ಒಕ್ಕೂಟದಲ್ಲಿ ನೃತ್ಯ ಸಂಯೋಜನೆ ಓದಿ ಬಂದವರು. 1960ರ ದಶಕದಲ್ಲಿ ದೆಹಲಿಯಲ್ಲಿ ನಾಟ್ಯ ಬ್ಯಾಲೆ ಸೆಂಟರ್, 1987ರಲ್ಲಿ ಬೆಂಗಳೂರಿನಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಕಟ್ಟಿದರು. ಅಂದರೆ ತಂಡಕ್ಕೆ ಶಾಲೆಯ ಆಸರೆ. 1995ರಲ್ಲಿ ಅವರ ಮಗಳು ಮಧು ನಟರಾಜ್ ಸ್ಟೆಮ್ ಡ್ಯಾನ್ಸ್ ಕಂಪ್ನಿ ಶುರು ಮಾಡಿದರು. ಹೆಸರಿನಲ್ಲೇ ನಮ್ಮ 'ಕಂಪ್ನಿ' ಇದೆ ನೋಡಿ.

ಪ್ರೋತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದರು. ಅಲ್ಲಿನದು ಗುರುಕುಲದ ದಾರಿ: ಅಲ್ಲೇ ವಾಸ, ಅಲ್ಲೇ ಅಭ್ಯಾಸ. 1998ರಲ್ಲಿ ಅವರು ತೀರಿಕೊಂಡರೂ ಸುರೂಪಾ ಸೇನ್ ಮತ್ತು ಜೊತೆಯವರು ತಂಡವನ್ನು ನಡೆಸಿಕೊಂಡು ಬಂದರು. ಕಟ್ಟಿದವರು ಹೋದ ಮೇಲೂ ಉಳಿಯುವುದೇ ಕಂಪನಿ.

ಅತ್ತ ಉಡುಪಿಯಲ್ಲಿ ಶಿವರಾಮ ಕಾರಂತರು ಯಕ್ಷಗಾನದ ಮಾತು ತಗ್ಗಿಸಿ, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ ಬ್ಯಾಲೆ ಮಾಡಿದರು. ಬ್ಯಾಲೆ ಅಂದರೆ ಹೆಬ್ಬೆರಳ ಮೇಲೆ ನಿಲ್ಲೋದು ಮಾತ್ರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಈಗ ಲೆಕ್ಕ

ಎಂಟು ಜನ ನರ್ತಕರು, ತಲಾ ತಿಂಗಳಿಗೆ 15,000 ರೂಪಾಯಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 14,40,000. ಮುನ್ನೂರು ಸೀಟು, 200 ರೂಪಾಯಿ ಟಿಕೆಟ್ ಆದರೆ ಒಂದು ಹೌಸ್‌ಫುಲ್ ಪ್ರದರ್ಶನಕ್ಕೆ 60,000. ಬರೀ ಸಂಬಳಕ್ಕೇ 24 ಹೌಸ್‌ಫುಲ್ ಬೇಕು. ಬಾಡಿಗೆ, ಬೆಳಕು, ಸಂಗೀತ, ವೇಷ ಇನ್ನೂ ಈ ಲೆಕ್ಕಕ್ಕೆ ಬಂದೇ ಇಲ್ಲ.

ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನದಲ್ಲಿ ತಂಡದ ಗುರು ಮತ್ತು ಕಲಾವಿದರಿಗೆ ತಿಂಗಳ ಲೆಕ್ಕದಲ್ಲಿ ನೆರವು ಇದೆ. ಆದರೆ ಅದು ಪ್ರತಿ ವರ್ಷ ನವೀಕರಣ ಆಗಬೇಕು. ಅದನ್ನೇ ನಂಬಿ ಸಂಬಳದ ಮಾತು ಕೊಡೋದು ಅಪಾಯ.

ನೆಲವೂ ಲೆಕ್ಕಕ್ಕೆ ಸೇರಬೇಕು. ಗ್ರಾನೈಟ್ ಅಥವಾ ಸಿಮೆಂಟ್ ನೆಲ ಹೆಜ್ಜೆಯ ಪೆಟ್ಟನ್ನು ಹೀರಿಕೊಳ್ಳಲ್ಲ, ಅದು ಮಂಡಿಗೆ ವಾಪಸ್ ಬರುತ್ತೆ. ದಿನಕ್ಕೆ ಐದಾರು ಗಂಟೆ ಕುಣಿಯುವವರಿಗೆ ಕೆಳಗೆ ಸ್ವಲ್ಪ ಟೊಳ್ಳು ಬಿಟ್ಟು ಕೂರಿಸಿದ ಮರದ ನೆಲ ಬೇಕು.

ಕಾಗದ ಪತ್ರ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ಮಾಡಲು ಕನಿಷ್ಠ 7 ಜನ ಬೇಕು. ಟ್ರಸ್ಟ್ ಕೂಡ ಮಾಡಬಹುದು. ನೃತ್ಯ ಪ್ರದರ್ಶನದ ಟಿಕೆಟ್ ತಲಾ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ.

ತುಂಬಾ ಜನ ಮರೆಯುವ ವಿಷಯ ಹಕ್ಕುಸ್ವಾಮ್ಯ. 1957ರ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ 'ನಾಟಕ ಕೃತಿ'ಯ ವ್ಯಾಖ್ಯೆಯೊಳಗೇ ಬರುತ್ತೆ. ಆದರೆ ಅದು ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ಬರೀ ತಲೆಯಲ್ಲಿದ್ದರೆ ಸಾಲದು. ಇನ್ನೊಂದು: ಸಂಬಳಕ್ಕಿದ್ದು ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯೇ ಮೊದಲ ಒಡೆಯ. ಸಂಯೋಜಕಿ ತಾನೇ ಕಟ್ಟಿದ ಕಂಪನಿಯಿಂದ ಹೊರಬಂದರೆ, ತನ್ನ ಕೃತಿ ಬಿಟ್ಟು ಬರಬೇಕಾಗಬಹುದು. ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಬರೆದಿಟ್ಟುಕೊಳ್ಳಿ.

ತುಮಕೂರಿನಲ್ಲಿ ಆಗುತ್ತಾ?

ಆಗುತ್ತೆ ಅಂತ ನನ್ನ ನಂಬಿಕೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಹೆಚ್ಚುಕಮ್ಮಿ ಅದರ ಎರಡರಷ್ಟು. ಮನೆಯಲ್ಲೇ ಇದ್ದು ಬಂದುಹೋಗುವ ನರ್ತಕರಿಗೆ ಬೆಂಗಳೂರಿನ ಬಾಡಿಗೆ ಉಳಿಯುತ್ತೆ. ಸಂಜೆ ಕ್ಲಾಸು, ಹಗಲು ತಾಲೀಮು ಅಂತ ಮಾಡಿದರೆ ಫೀಸಿನ ದುಡ್ಡು ಸಂಬಳಕ್ಕೆ ಆಸರೆ. ಮೊದಲ ಪ್ರದರ್ಶನದ ದಿನ ಘೋಷಿಸುವ ಮುಂಚೆ ಕನಿಷ್ಠ ಒಂದು ವರ್ಷದ ಸಂಬಳ ಕೈಯಲ್ಲಿರಲಿ. ಜಾತ್ರೆಯ ಕಲಾವಿದರನ್ನು ಕರೆಸಿ ಹೆಜ್ಜೆ ಕಲಿತರೆ ಅವರಿಗೂ ಸಂಭಾವನೆ, ಪೋಸ್ಟರ್‌ನಲ್ಲಿ ಹೆಸರು ಎರಡೂ ಇರಲಿ.

ಸರ್ಕಾರದಿಂದ ನಾನು ಕೇಳೋದು ಒಂದೇ. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇದೆ. ಕಾರ್ಯಕ್ರಮ ಇಲ್ಲದ ಹಗಲುಗಳಲ್ಲಿ ಅದನ್ನು ಕಡಿಮೆ ಬಾಡಿಗೆಗೆ ತಾಲೀಮಿಗೆ ಬಿಟ್ಟುಕೊಡಿ. ಕಲಾವಿದರ ಹೊಟ್ಟೆಗೆ ದಾರಿ ಮಾಡಿದವರ ಹೆಸರಿನ ಕಟ್ಟಡಕ್ಕೆ ಅದಕ್ಕಿಂತ ಒಳ್ಳೆ ಉಪಯೋಗ ನನಗಂತೂ ಕಾಣೋದಿಲ್ಲ.