ತಡೆಯಾಜ್ಞೆಯ ಆಚೆ: ಪೇಟೆಂಟ್ ಮತ್ತು ವ್ಯಾಪಾರ ರಹಸ್ಯದ ವಕೀಲಿಕೆ ನಡೆದುಬಂದ ದಾರಿ

ಕಾನೂನು ಕಾಲೇಜುಗಳ ವಿಚಾರಸಂಕಿರಣಗಳಲ್ಲಿ ಈಚೆಗೆ ಮೂರು ಮಾತು ಪದೇ ಪದೇ ಕೇಳಿಬರುತ್ತಿವೆ. ಭಾರತದಲ್ಲಿ ಪೇಟೆಂಟ್ ವ್ಯಾಜ್ಯ ಶುರುವಾದದ್ದು 2005ರಲ್ಲಿ ಎನ್ನುವುದು ಒಂದು. ಅದರ ಚರಿತ್ರೆಯೆಂದರೆ ಔಷಧ ಕಂಪನಿಗಳ ಚರಿತ್ರೆ ಎನ್ನುವುದು ಇನ್ನೊಂದು. ವ್ಯಾಪಾರ ರಹಸ್ಯಕ್ಕೆ ನಮ್ಮಲ್ಲಿ ಕಾನೂನೇ ಇಲ್ಲ ಎನ್ನುವುದು ಮೂರನೆಯದು. ಇವನ್ನು ನಂಬಿ ಈ ವೃತ್ತಿಗೆ ಬರುವ ಹುಡುಗ ಹುಡುಗಿಯರು ಮಧ್ಯಂತರ ತಡೆಯಾಜ್ಞೆಯ ಮೇಲೆ ಒಂದು ಗಂಟೆ ವಾದಿಸುವುದನ್ನು ಚೆನ್ನಾಗಿ ಕಲಿಯುತ್ತಾರೆ. ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಮಾಡುವ ಹೊತ್ತಿಗೆ ಅವರ ಕೈ ನಡುಗುತ್ತದೆ. ಬಹುಕಾಲದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿರುವ ನನಗೆ ಈ ಕ್ಷೇತ್ರದ ನಡೆಯನ್ನು ಬೇರೆ ರೀತಿಯಲ್ಲಿ ಹೇಳಬೇಕೆನಿಸಿದೆ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. ಭಾರತದ ಮೊದಲ ಪೇಟೆಂಟ್ ಕಾಯಿದೆ 1856ರದು. ಅದರಡಿ ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. ಪಂಖಾ ಎಳೆಯುವ ಯಂತ್ರಕ್ಕಾಗಿ ಅವರು ಕೇಳಿದ್ದು 14 ವರ್ಷದ ಏಕಸ್ವಾಮ್ಯ. ರಾಣಿಯ ಒಪ್ಪಿಗೆ ಪಡೆದಿರಲಿಲ್ಲವೆಂಬ ಕಾರಣಕ್ಕೆ ಆ ಕಾಯಿದೆ ಮರುವರ್ಷವೇ ರದ್ದಾಗಿ 1859ರಲ್ಲಿ ಮತ್ತೆ ಬಂತು. ಮುಂದೆ 1911ರ ಕಾಯಿದೆ ಸ್ವಾತಂತ್ರ್ಯದ ಆಚೆಗೂ ಉಳಿಯಿತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ ಅದರ ಬುಡವನ್ನೇ ಪ್ರಶ್ನಿಸಿತು. ನಮ್ಮ ಪೇಟೆಂಟ್‌ಗಳಲ್ಲಿ ಬಹುಪಾಲು ವಿದೇಶಿಯರ ಕೈಯಲ್ಲಿವೆ, ಅವರು ಅವನ್ನು ಇಲ್ಲಿ ಬಳಕೆಗೂ ತರುತ್ತಿಲ್ಲ ಎಂದು ಅಯ್ಯಂಗಾರ್ ತೋರಿಸಿಕೊಟ್ಟರು. ಅದರ ಫಲ 1970ರ ಪೇಟೆಂಟ್ ಕಾಯಿದೆ, ಜಾರಿಗೆ ಬಂದದ್ದು 1972ರಲ್ಲಿ. ಆಹಾರಕ್ಕೂ ಔಷಧಕ್ಕೂ ತಯಾರಿಕಾ ವಿಧಾನದ ಮೇಲೆ ಮಾತ್ರ ಪೇಟೆಂಟ್, ಪದಾರ್ಥದ ಮೇಲೆ ಇಲ್ಲ. ಅಗ್ಗದ ಔಷಧಗಳ ಉದ್ಯಮ ಬೆಳೆದದ್ದು ಈ ನೆಲದ ಮೇಲೆ. ಆ ವರದಿಯನ್ನು ಪೂರ್ತಿ ಓದದೆ ಈ ವೃತ್ತಿಗೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯಿದೆ ಬಂದ ಮೇಲೆ ವಕೀಲರು ಟ್ರೇಡ್‌ಮಾರ್ಕ್ ಕಡೆಗೆ ಸರಿದರು, ಪೇಟೆಂಟ್ ದಾವೆಗಳು ತೀರಾ ವಿರಳವಾದವು. ವಿರಳವಾದವು, ನಿಂತುಹೋಗಲಿಲ್ಲ. ಇಂದಿಗೂ ಪ್ರತಿ ವಾದದಲ್ಲೂ ಉಲ್ಲೇಖವಾಗುವ ಬಿಶ್ವನಾಥ್ ಪ್ರಸಾದ್ ತೀರ್ಪು ಬಂದದ್ದು 1978ರ ಡಿಸೆಂಬರಿನಲ್ಲಿ. ಅಲ್ಲಿ ಔಷಧವೂ ಇಲ್ಲ, ಬಹುರಾಷ್ಟ್ರೀಯ ಕಂಪನಿಯೂ ಇಲ್ಲ. ಉತ್ತರ ಪ್ರದೇಶದ ಪಾತ್ರೆ ತಯಾರಕರ ಜಗಳ ಅದು. ಲೇತ್ ಮೇಲೆ ಪಾತ್ರೆಯನ್ನು ತಿರುಗಿಸಿ ಹೆರೆಯುವಾಗ ಅದು ಹಾರದಂತೆ ಬಿಗಿಹಿಡಿಯುವ ಸಾಧನಕ್ಕೆ ಒಬ್ಬರು 1951ರಿಂದ ಅನ್ವಯವಾಗುವ ಪೇಟೆಂಟ್ ಪಡೆದಿದ್ದರು. ಅದು ನಿಜಕ್ಕೂ ಹೊಸ ಆವಿಷ್ಕಾರವೋ, ಕಾರ್ಖಾನೆಯ ಯಾವ ನುರಿತ ಕೆಲಸಗಾರನಾದರೂ ಮಾಡಬಹುದಾಗಿದ್ದ ಸಣ್ಣ ಸುಧಾರಣೆಯೋ? ಎರಡನೆಯದೇ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿ ಪೇಟೆಂಟನ್ನು ರದ್ದುಮಾಡಿತು. ಆ ತೀರ್ಪನ್ನು ನಿಧಾನವಾಗಿ ಓದಿದರೆ ಲೇತ್‌ನ ಹೆಡ್‌ಸ್ಟಾಕ್, ಟೇಲ್‌ಸ್ಟಾಕ್‌ಗಳು ಕಣ್ಣಿಗೆ ಕಟ್ಟುತ್ತವೆ. ಯಂತ್ರವನ್ನು ಅರಿತು ಪ್ರಶ್ನೆ ಕೇಳಿದ ವಕೀಲರು ಕೆಳಗಿನ ನ್ಯಾಯಾಲಯದಲ್ಲಿ ಇದ್ದದ್ದರಿಂದಲೇ ಅಂಥ ತೀರ್ಪು ಸಾಧ್ಯವಾಯಿತು.

ವ್ಯಾಪಾರ ರಹಸ್ಯದ ಹೊಳೆ ಬೇರೆ ಕಡೆಯಿಂದ ಹರಿದುಬಂತು. ಅದಕ್ಕೆ ಪ್ರತ್ಯೇಕ ಕಾಯಿದೆ ಇರಲಿಲ್ಲ, ಇಂದಿಗೂ ಇಲ್ಲ. ಆದರೆ 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಇತ್ತು, ನಂಬಿಕೆ ಮುರಿದವನನ್ನು ತಡೆಯುವ ನ್ಯಾಯತತ್ವ ಇತ್ತು. 1967ರ ಗೋಲಿಕರಿ ಪ್ರಕರಣವನ್ನೇ ತೆಗೆದುಕೊಳ್ಳಿ. ಟೈರ್ ಕಾರ್ಡ್ ನೂಲು ತಯಾರಿಸುವ ತಂತ್ರವನ್ನು ಸೆಂಚುರಿ ಕಂಪನಿ ಹಾಲೆಂಡಿನಿಂದ ತಂದಿತ್ತು. ಐದು ವರ್ಷದ ಕರಾರಿಗೆ ಸಹಿ ಹಾಕಿದ್ದ ಶಿಫ್ಟ್ ಸೂಪರ್‌ವೈಸರ್ ಒಬ್ಬರು ಅವಧಿ ಮುಗಿಯುವ ಮೊದಲೇ ಹೆಚ್ಚಿನ ಸಂಬಳಕ್ಕೆ ಪ್ರತಿಸ್ಪರ್ಧಿ ಕಂಪನಿ ಸೇರಿದರು. ಕರಾರಿನ ಅವಧಿಯೊಳಗಿನ ನಿರ್ಬಂಧ ಸರಿ ಎಂದಿತು ಸುಪ್ರೀಂ ಕೋರ್ಟ್. ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯ ಬಳಿ ದುಡಿಯಬಾರದೆಂಬ ಷರತ್ತಿಗೆ 27ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ ಎಂಬುದು 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಿಂದ ಗಟ್ಟಿಯಾಯಿತು. 1987ರಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಇಟ್ಟಿತು. ಮೇವು ಬೆಳೆಯುವ ಯಂತ್ರವೊಂದರ ನಕ್ಷೆಗಳು ಬಿಡಿಭಾಗ ಪೂರೈಸುವ ಮಾತುಕತೆಗಾಗಿ ಪ್ರತಿವಾದಿಯ ಕೈಸೇರಿದ್ದವು. ಗೋಪ್ಯವೆಂದು ನಂಬಿ ಕೊಟ್ಟದ್ದನ್ನು ಬಳಸಿಕೊಂಡು ಅದೇ ಯಂತ್ರ ಮಾಡುವಂತಿಲ್ಲ ಎಂದು ನ್ಯಾಯಾಲಯ ಜಾನ್ ಬ್ರಾಡಿ ಪ್ರಕರಣದಲ್ಲಿ ತಡೆ ನೀಡಿತು. ಹೀಗಿರುವಾಗ ನಮ್ಮಲ್ಲಿ ಕಾನೂನೇ ಇಲ್ಲವೆನ್ನುವುದು ಈ ಮೂರು ತೀರ್ಪುಗಳನ್ನೂ ಓದದವರ ಮಾತು.

ನನ್ನ ತಲೆಮಾರು ಕಣ್ಣು ಬಿಟ್ಟದ್ದು ಡಬ್ಲ್ಯೂಟಿಒ ಒಪ್ಪಂದದ ನೆರಳಿನಲ್ಲಿ. 2005ರ ಜನವರಿ 1ರಿಂದ ಔಷಧ ಪದಾರ್ಥಕ್ಕೂ ಪೇಟೆಂಟ್ ಸಿಗತೊಡಗಿತು, ಜೊತೆಗೇ ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟು ಪೇಟೆಂಟ್ ಕೇಳುವುದನ್ನು ತಡೆಯುವ 3(ಡಿ) ಸೆಕ್ಷನ್ ಬಂತು. ಆ ಸೆಕ್ಷನ್ ಕುರಿತು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕೊಟ್ಟ ನೊವಾರ್ಟಿಸ್ ತೀರ್ಪಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಸೇರಿಸುವುದೇನೂ ಇಲ್ಲ. ನನಗೆ ಹೆಚ್ಚು ಕಲಿಸಿದ್ದು ರೋಶ್ ಮತ್ತು ಸಿಪ್ಲಾ ನಡುವಿನ ದಾವೆ. ಶ್ವಾಸಕೋಶದ ಕ್ಯಾನ್ಸರಿನ ಗುಳಿಗೆಯೊಂದಕ್ಕೆ ರೋಶ್ ಬೆಲೆ ಸುಮಾರು 4,800 ರೂಪಾಯಿ, ಸಿಪ್ಲಾ ಬೆಲೆ ಸುಮಾರು 1,600. ರೋಗಿಗಳ ಹಿತವನ್ನೂ ತಕ್ಕಡಿಗೆ ಹಾಕಿದ ದೆಹಲಿ ಹೈಕೋರ್ಟ್ 2008ರಲ್ಲಿ ತಡೆಯಾಜ್ಞೆ ನಿರಾಕರಿಸಿತು. ಎಲ್ಲರೂ ನೆನಪಿಟ್ಟದ್ದು ಇದನ್ನೇ. ಆದರೆ ದಾವೆ ಅಲ್ಲಿಗೆ ಮುಗಿಯಲಿಲ್ಲ. ಪೂರ್ಣ ವಿಚಾರಣೆ ನಡೆದು 2012ರಲ್ಲಿ ತೀರ್ಪು ಬಂತು, 2015ರ ಮೇಲ್ಮನವಿಯಲ್ಲಿ ಸಿಪ್ಲಾ ಪೇಟೆಂಟ್ ಉಲ್ಲಂಘಿಸಿದೆ ಎಂದಾಯಿತು. ಅಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿಯುತ್ತ ಬಂದಿತ್ತು. ಮಧ್ಯಂತರದಲ್ಲಿ ಗೆದ್ದವರು ಕೊನೆಗೆ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಬಜಾಜ್ ಮತ್ತು ಟಿವಿಎಸ್ ಪ್ರಕರಣದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 45ರಿಂದ 70 ಮಿಲಿಮೀಟರ್ ವ್ಯಾಸದ ಸಣ್ಣ ಸಿಲಿಂಡರಿನಲ್ಲಿ ಎರಡು ಸ್ಪಾರ್ಕ್ ಪ್ಲಗ್ ಕೂರಿಸುವ ಎಂಜಿನ್ ಮೇಲೆ ಬಜಾಜ್ ಪೇಟೆಂಟ್ ಪಡೆದಿತ್ತು. ಟಿವಿಎಸ್‌ನ ಫ್ಲೇಮ್ ಬೈಕಿನಲ್ಲೂ ಎರಡು ಪ್ಲಗ್ ಇದ್ದವು, ಆದರೆ ವಾಲ್ವ್ ಮೂರು. ಆ ಮೂರನೇ ವಾಲ್ವ್ ಎಂಜಿನ್ನನ್ನೇ ಬೇರೆಯಾಗಿಸುತ್ತದೆಯೇ? ಕ್ಲೇಮಿನ ಒಂದೊಂದು ಅಂಶವನ್ನೂ ಎಡಕ್ಕೆ ಬರೆದು, ಪ್ರತಿವಾದಿಯ ಯಂತ್ರದಲ್ಲಿ ಅದಕ್ಕೆ ಸಮನಾದದ್ದನ್ನು ಬಲಕ್ಕೆ ಬರೆದು ಹೊಂದಿಸುವ ಚಾರ್ಟ್ ನಮ್ಮ ವೃತ್ತಿಯ ಮೂಲ ಉಪಕರಣ. ಈ ಪ್ರಕರಣದಲ್ಲಿ ಇಡೀ ತಕರಾರು ಅಂಥ ಚಾರ್ಟಿನ ಒಂದೆರಡು ಸಾಲಿನಲ್ಲಿತ್ತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ 2008ರಲ್ಲಿ ತಡೆ ಕೊಟ್ಟಿತು, ವಿಭಾಗೀಯ ಪೀಠ 2009ರ ಮೇ ತಿಂಗಳಲ್ಲಿ ತೆರವು ಮಾಡಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು: ಇಂಥ ದಾವೆಗಳು ವರ್ಷಗಟ್ಟಲೆ ಮಧ್ಯಂತರ ಅರ್ಜಿಯಲ್ಲೇ ಕೊಳೆಯುತ್ತಿವೆ, ದಿನದಿಂದ ದಿನಕ್ಕೆ ವಿಚಾರಣೆ ನಡೆಸಿ ನಾಲ್ಕು ತಿಂಗಳಲ್ಲಿ ತೀರ್ಮಾನಿಸಿ. ನಾವೆಲ್ಲ ಆ ಆದೇಶವನ್ನು ಹಬ್ಬದಂತೆ ಬರಮಾಡಿಕೊಂಡೆವು. ಆ ದಾವೆಯೇ 2019ರವರೆಗೆ ನಡೆದು ರಾಜಿಯಲ್ಲಿ ಮುಗಿಯಿತು. ಮೂರನೇ ವಾಲ್ವಿನ ಪ್ರಶ್ನೆಗೆ ಅಂತಿಮ ಉತ್ತರ ಸಿಗಲೇ ಇಲ್ಲ.

ಮನಸ್ಸು ಮಾಡಿದರೆ ವಿಚಾರಣೆ ಬೇಗ ಮುಗಿಯುತ್ತದೆ ಎಂಬುದಕ್ಕೂ ನಿದರ್ಶನವಿದೆ. ಮಧುಮೇಹದ ಸಿಟಾಗ್ಲಿಪ್ಟಿನ್ ಕುರಿತು ಮರ್ಕ್ ಗ್ಲೆನ್‌ಮಾರ್ಕ್ ಮೇಲೆ ಹೂಡಿದ್ದ ದಾವೆಯಲ್ಲಿ 2015ರ ಮಾರ್ಚಿನಲ್ಲಿ ಮಧ್ಯಂತರ ತಡೆ ಸಿಕ್ಕಿತು, ಅದೇ ಅಕ್ಟೋಬರಿನಲ್ಲಿ ಡಿಕ್ರಿಯೇ ಬಂತು. ಬಿಟಿ ಹತ್ತಿಯ ವಿವಾದದಲ್ಲಿ ಮಾನ್ಸಾಂಟೊ ಪೇಟೆಂಟನ್ನು ದೆಹಲಿಯ ವಿಭಾಗೀಯ ಪೀಠ ಸಾಕ್ಷ್ಯವಿಲ್ಲದೆಯೇ ರದ್ದುಮಾಡಿದಾಗ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ತಜ್ಞರ ಸಾಕ್ಷ್ಯ ಪಡೆದೇ ತೀರ್ಮಾನಿಸಿ ಎಂದಿತು. ರಾಯಚೂರು, ಹಾವೇರಿಯ ಹತ್ತಿ ಬೆಳೆಗಾರರಿಗೂ ತಟ್ಟುವ ಪ್ರಶ್ನೆ ಅದು. 2021ರಲ್ಲಿ ಆ ವಿವಾದದ ಎರಡೂ ಕಡೆಯವರು ರಾಜಿಯಾದರು.

ವ್ಯಾಪಾರ ರಹಸ್ಯದ ದಾವೆಯಲ್ಲಿ ಸಾಕ್ಷ್ಯದ ಕೆಲಸ ಇನ್ನೂ ಸೂಕ್ಷ್ಮ. ಪೀಣ್ಯದ ಒಂದು ಕಾರ್ಖಾನೆಯ ಪರವಾಗಿ ನಾನು ನಡೆಸಿದ ದಾವೆಯಲ್ಲಿ, ಕೆಲಸ ಬಿಟ್ಟ ಎಂಜಿನಿಯರ್ ಡೈ ನಕ್ಷೆಗಳನ್ನು ಒಯ್ದಿದ್ದಾರೆಂಬುದು ಆರೋಪ. ಕೋರ್ಟ್ ಕಮಿಷನರ್ ಜೊತೆ ಎದುರಾಳಿಯ ವರ್ಕ್‌ಶಾಪಿಗೆ ಹೋದೆವು. ತಂತ್ರಜ್ಞ ಕಂಪ್ಯೂಟರಿನ ಕಡತಗಳನ್ನು ತೆರೆಯುವ ಮೊದಲೇ ಹಾರ್ಡ್ ಡಿಸ್ಕಿನ ಪ್ರತಿ ತೆಗೆದು, ಮೂಲಕ್ಕೂ ಪ್ರತಿಗೂ ಹ್ಯಾಶ್ ಸಂಖ್ಯೆ ತಾಳೆ ನೋಡಿ, ಎರಡೂ ಕಡೆಯವರ ಎದುರು ಲಕೋಟೆಗೆ ಅರಗು ಒತ್ತಿದರು. ಕಡತದ ಹೆಸರು, ದಿನಾಂಕ ಎಲ್ಲ ಬದಲಾಗಿದ್ದವು. ಆದರೆ ನಮ್ಮ ನಕ್ಷೆಯಲ್ಲಿ ಒಂದು ಮೂಲೆಯ ತ್ರಿಜ್ಯವನ್ನು ಡ್ರಾಫ್ಟ್ಸ್‌ಮನ್ ತಪ್ಪಾಗಿ ಬರೆದಿದ್ದರು, ಕೆಲಸಗಾರರು ಅದನ್ನು ಯಂತ್ರದ ಮೇಲೆ ಸರಿಪಡಿಸಿಕೊಳ್ಳುತ್ತಿದ್ದರು. ಅದೇ ತಪ್ಪು ಅಂಕಿ ಎದುರಾಳಿಯ ನಕ್ಷೆಯಲ್ಲೂ ಇತ್ತು. ಸ್ವತಂತ್ರವಾಗಿ ಅಳೆದು ಬರೆದದ್ದಾದರೆ ಆ ಅಂಕಿ ಎಲ್ಲಿಂದ ಬಂತು ಎಂಬ ಪಾಟೀಸವಾಲಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ಅದನ್ನು ಕಂಡುಹಿಡಿದದ್ದು ಡಿಪ್ಲೊಮಾ ಓದಿ ಆಮೇಲೆ ಕಾನೂನು ಓದಿದ ನನ್ನ ಜೂನಿಯರ್. ಅಂಗಡಿಗೆ, ಕಾರ್ಖಾನೆಗೆ ಹೋಗಿ ಕಣ್ಣಾರೆ ನೋಡಿ ದಾವೆ ಬರೆಯುವ ಈ ಪರಂಪರೆಯೇ ನಮ್ಮ ಕ್ಷೇತ್ರದ ಶ್ರೇಷ್ಠ ಪರಂಪರೆ ಎಂದು ನಾನು ನಂಬಿದ್ದೇನೆ.

ಸಂಸ್ಥೆಗಳ ಕಡೆ ಬಂದರೆ, 2003ರಲ್ಲಿ ಶುರುವಾದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಖಾಲಿ ಹುದ್ದೆಗಳಲ್ಲೇ ಸೊರಗಿ 2021ರ ಏಪ್ರಿಲಿನಲ್ಲಿ ಮುಚ್ಚಿತು. ಆಮೇಲೆ ದೆಹಲಿ ಹೈಕೋರ್ಟ್ ಪ್ರತ್ಯೇಕ ಬೌದ್ಧಿಕ ಆಸ್ತಿ ವಿಭಾಗ ತೆರೆಯಿತು, ಮದ್ರಾಸ್ ಹಿಂಬಾಲಿಸಿತು. ದೆಹಲಿಯ 2022ರ ಪೇಟೆಂಟ್ ದಾವೆ ನಿಯಮಗಳು ನಿಜವಾದ ಮುನ್ನಡೆ. ಗೋಪ್ಯ ದಾಖಲೆಯನ್ನು ಹೆಸರಿಸಿದ ಕೆಲವರು ಮಾತ್ರ ನೋಡುವ ವ್ಯವಸ್ಥೆ, ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಪ್ರಶ್ನಿಸುವ ಕ್ರಮ ಅಲ್ಲಿವೆ. ಆ ಬದಲಾವಣೆಯಲ್ಲಿ ದೊಡ್ಡ ಪಾತ್ರ ವಹಿಸಿದ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಕಾನೂನು ಓದಿದ್ದು ಬೆಂಗಳೂರಿನಲ್ಲಿ. ನೊವಾರ್ಟಿಸ್ ಪ್ರಕರಣದಲ್ಲಿ ವಿದ್ವಾಂಸರಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತ, 2019ರಲ್ಲಿ ಅಕಾಲದಲ್ಲಿ ನಮ್ಮನ್ನು ಅಗಲಿದ ಶಮ್ನಾದ್ ಬಶೀರ್ ಕೂಡ ಓದಿದ್ದು ಇಲ್ಲಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ.

ಓದು ಇಲ್ಲಿ, ವೃತ್ತಿ ಬೇರೆಡೆ. ಇದಕ್ಕೆ ಕಾರಣ ಸ್ಪಷ್ಟವಿದೆ. ದೆಹಲಿ, ಮುಂಬೈ, ಮದ್ರಾಸ್, ಕಲ್ಕತ್ತ ಹೈಕೋರ್ಟುಗಳಿಗೆ ದಾವೆಯನ್ನು ನೇರವಾಗಿ ದಾಖಲಿಸಿಕೊಂಡು ವಿಚಾರಿಸುವ ಮೂಲ ಸಿವಿಲ್ ಅಧಿಕಾರವಿದೆ, ಕರ್ನಾಟಕ ಹೈಕೋರ್ಟಿಗೆ ಇಲ್ಲ. ಇಲ್ಲಿ ದಾವೆ ಹೂಡುವುದು ಸಿವಿಲ್ ಕೋರ್ಟಿನಲ್ಲಿ. ಪ್ರತಿವಾದಿ ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿದಾವೆ ಹಾಕಿದ ಕೂಡಲೇ 104ನೇ ಸೆಕ್ಷನ್ ಪ್ರಕಾರ ಇಡೀ ದಾವೆ ಹೈಕೋರ್ಟಿಗೆ ಹೋಗುತ್ತದೆ. ಸಾಕ್ಷಿ ವಿಚಾರಣೆ ದಿನನಿತ್ಯದ ಕೆಲಸವಲ್ಲದ ಕಡೆ ಸಾಕ್ಷಿ ವಿಚಾರಣೆ ನಡೆಯಬೇಕಾಗುತ್ತದೆ. ಬೆಂಗಳೂರಿನ ಸಂಶೋಧಕರ ಅರ್ಜಿ ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ, ತಿರಸ್ಕಾರವಾದರೆ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ಇಷ್ಟು ದೊಡ್ಡ ಸಂಶೋಧನೆಯ ಊರಿಗೆ ಪೇಟೆಂಟ್ ಕಚೇರಿಯ ಶಾಖೆ ಇಲ್ಲದಿರುವುದು ನ್ಯಾಯವಲ್ಲ. ವಿಜ್ಞಾನ ಸಲಹೆಗಾರರನ್ನು ನೇಮಿಸಿಕೊಳ್ಳಲು ನ್ಯಾಯಾಲಯಗಳಿಗೆ 115ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆ ಹೈಕೋರ್ಟಿನಿಂದ ಕೆಲವೇ ಮೈಲಿ ದೂರದಲ್ಲಿರುವಾಗ ಆ ಸೆಕ್ಷನ್ ಇಲ್ಲಿ ಪ್ರತಿದಿನ ಬಳಕೆಯಾಗಬೇಕಿತ್ತು.

ಹೊಸ ಕಾಯಿದೆಯ ಮಾತೂ ಎದ್ದಿದೆ. 22ನೇ ಕಾನೂನು ಆಯೋಗ 2024ರ ಮಾರ್ಚಿನಲ್ಲಿ ಸಲ್ಲಿಸಿದ 289ನೇ ವರದಿಯಲ್ಲಿ ವ್ಯಾಪಾರ ರಹಸ್ಯಕ್ಕೆ ಪ್ರತ್ಯೇಕ ಮಸೂದೆಯ ಕರಡು ಇದೆ. ಆಗ ಆ ಆಯೋಗದ ಅಧ್ಯಕ್ಷರಾಗಿದ್ದವರು ಹಿಂದೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ಅಕ್ರಮ ಬಯಲು ಮಾಡುವವರಿಗೆ ರಕ್ಷಣೆ, ಸಾರ್ವಜನಿಕ ತುರ್ತಿನಲ್ಲಿ ಕಡ್ಡಾಯ ಪರವಾನಗಿ ಇವುಗಳನ್ನು ಸೇರಿಸಿದ್ದು ಒಳ್ಳೆಯದಾಯಿತು. ನನ್ನ ಆತಂಕ ನೌಕರರದು. ಕಂಪನಿ ಬದಲಿಸಿದ ತಪ್ಪಿಗೆ ವಕೀಲರ ನೋಟಿಸ್ ಹಿಡಿದು ಬೆವರುತ್ತ ಬರುವ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ನಾನು ಕಂಡಿದ್ದೇನೆ. ಹತ್ತು ವರ್ಷ ದುಡಿದು ಗಳಿಸಿದ ಕೌಶಲ ಅವರದು, ಕಂಪನಿಯ ರಹಸ್ಯವಲ್ಲ. ಈ ಗೆರೆಯನ್ನು ಎಳೆಯುವುದು ಕಾಯಿದೆಯ ಪದಗಳಿಗಿಂತ ಹೆಚ್ಚಾಗಿ ಸಾಕ್ಷ್ಯ. ಕಂಪನಿಗಳ ಪರ ನಿಲ್ಲಲು ದೊಡ್ಡ ಕಚೇರಿಗಳಿವೆ, ನೌಕರರ ಪರ ನಿಲ್ಲುವ ನುರಿತ ವಕೀಲರನ್ನು ಹುಡುಕಬೇಕಾಗಿದೆ.

ಈ ಸಮೀಕ್ಷೆ ಬರೆಯುವಾಗ ನಾನು ಪದೇ ಪದೇ ದೆಹಲಿ, ಮದ್ರಾಸಿನ ತೀರ್ಪುಗಳನ್ನೇ ಹೆಸರಿಸಬೇಕಾಯಿತು. ನಮ್ಮ ಸಿವಿಲ್ ಕೋರ್ಟುಗಳಲ್ಲಿ ನಡೆದ ಪಾಟೀಸವಾಲುಗಳನ್ನು ಯಾವ ಕಾನೂನು ವರದಿಯೂ ಅಚ್ಚು ಹಾಕುವುದಿಲ್ಲ. ಹಿರಿಯ ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಗಿದ ದಾವೆಗಳ ಸಾಕ್ಷಿ ಹೇಳಿಕೆಗಳು, ಕ್ಲೇಮ್ ಚಾರ್ಟುಗಳು ನಿಮ್ಮ ಕಪಾಟಿನಲ್ಲಿದ್ದರೆ ರದ್ದಿಗೆ ಹಾಕಬೇಡಿ. ಗೋಪ್ಯ ಭಾಗವನ್ನು ತೆಗೆದು, ಕಕ್ಷಿದಾರರ ಒಪ್ಪಿಗೆ ಪಡೆದು ಯಾವುದಾದರೂ ಕಾನೂನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.