ಕೈಯಾಸರೆಯ ಛಾಯಾಚಿತ್ರಣ: ಬೀದರ ಸೀಮೆಯಿಂದೊಂದು ಸಮೀಕ್ಷೆ

ಬೀದರ ನಗರದ ಸ್ಮಾರಕಗಳನ್ನು ಕಾಲದ ಅನುಕ್ರಮವನ್ನು ಬಿಟ್ಟು ಬೆಳಕಿನ ಅನುಕ್ರಮದಲ್ಲಿ ನೋಡುತ್ತ ಹೋದರೆ, ೧೪೭೨ರಲ್ಲಿ ನಿರ್ಮಿತವಾದ ಮಹಮೂದ್ ಗವಾನನ ಮದರಸಾದ ಅಳಿದುಳಿದ ಮಿನಾರು ತನ್ನ ವರ್ಣರಂಜಿತ ಹೆಂಚುಗಳನ್ನು ನೇರ ಬಿಸಿಲಿಗೆ ಒಡ್ಡಿ ನಿಂತಿರುವುದೂ, ಕೋಟೆಯೊಳಗಿನ ಸೋಲಾ ಖಂಬಾ ಮಸೀದಿಯ ಸ್ತಂಭಪಂಕ್ತಿಗಳು ಅರೆನೆರಳಿನಲ್ಲಿ ಹಿಂದುಹಿಂದಕ್ಕೆ ಸರಿಯುವುದೂ, ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಕೆತ್ತಿ ಕೂಡಿಸಿದ ಮುತ್ತಿನ ಚಿಪ್ಪು ಮಬ್ಬುಗೋಣೆಯಲ್ಲಿ ಮಿನುಗುವುದೂ, ಕಟ್ಟಕಡೆಗೆ ಅಷ್ಟೂರಿನ ಅಹಮದ್ ಶಾಹ ವಲಿಯ ಸಮಾಧಿಯ ಒಳಗುಮ್ಮಟದ ವರ್ಣಚಿತ್ರಗಳೂ ಅಕ್ಷರಪಂಕ್ತಿಗಳೂ ಹೊರಗಿನಿಂದ ಬಂದಷ್ಟೇ ಬೆಳಕಿನಲ್ಲಿ ತಡೆದು ತಡೆದು ಕಣ್ಣಿಗೆ ತೋರುವುದೂ ಅನುಭವಕ್ಕೆ ಬರುವುದು. ಕ್ಯಾಮರಾವನ್ನು ಕೈಯಲ್ಲಿ ಹಿಡಿದು ಅಲುಗದಂತೆ ಚಿತ್ರ ತೆಗೆಯುವ ಕಲೆಯ ಇತಿಹಾಸವೂ ಇದೇ ದಾರಿಯಲ್ಲಿ, ಬಿಸಿಲಿನಿಂದ ಗರ್ಭದ ಕತ್ತಲೆಯ ಕಡೆಗೆ ನಡೆದಿದೆ. ಫಲಕದ ವೇಗ ಹೆಚ್ಚಿದಾಗ, ಮಸೂರ ಉಜ್ಜ್ವಲವಾದಾಗ, ಯಂತ್ರ ಸೂಕ್ಷ್ಮವಾದಾಗ ದೊರೆತ ಲಾಭವನ್ನೆಲ್ಲ ಛಾಯಾಗ್ರಾಹಕನು ಇನ್ನೊಂದು ಕತ್ತಲೆಯ ಕೋಣೆಯೊಳಗೆ ಹೋಗುವುದಕ್ಕೆ ವ್ಯಯಿಸಿದನಾದ ಕಾರಣ, ಸಾಧನಗಳು ಬೆಳೆದರೂ ಕೈಯ ಕಷ್ಟ ಕಡಿಮೆಯಾಗಲಿಲ್ಲ.

ಈ ಕಲೆಯ ಆದಿಯಲ್ಲಿ ಕೈಯ ಪ್ರಶ್ನೆಯೇ ಏಳುವಂತಿರಲಿಲ್ಲ. ೧೮೩೯ರಲ್ಲಿ ಪ್ರಕಟವಾದ ಡಾಗೆರ್‌ನ ವಿಧಾನಕ್ಕೆ ಬಿಸಿಲಿನಲ್ಲಿಯೂ ನಿಮಿಷಗಳು ಬೇಕಾಗುತ್ತಿದ್ದವು. ೧೮೫೧ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಬಳಕೆಗೆ ತಂದ ಆರ್ದ್ರಫಲಕ ಆ ಅವಧಿಯನ್ನು ಸೆಕೆಂಡುಗಳಿಗೆ ಇಳಿಸಿತಾದರೂ, ಗಾಜಿಗೆ ಸ್ಥಳದಲ್ಲಿಯೇ ಲೇಪವಿಟ್ಟು ಅದು ಒಣಗುವುದರೊಳಗಾಗಿ ಸಂಸ್ಕರಿಸಬೇಕಾಗಿದ್ದುದರಿಂದ, ಕತ್ತಲೆಯ ಡೇರೆಯೂ ಮರದ ಮುಕ್ಕಾಲಿಯೂ ಛಾಯಾಗ್ರಾಹಕನ ನಿತ್ಯಸಂಗಾತಿಗಳಾಗಿದ್ದವು. ಜೇಮ್ಸ್ ಬರ್ಗೆಸ್ ಬೀದರ ಮತ್ತು ಔರಂಗಾಬಾದ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಕುರಿತ ವರದಿಯನ್ನು ಪ್ರಕಟಿಸಿದ ೧೮೭೮ರ ಕಾಲ ಅಂಥದು. ರಿಚರ್ಡ್ ಲೀಚ್ ಮ್ಯಾಡಕ್ಸ್ ೧೮೭೧ರಲ್ಲಿ ಸೂಚಿಸಿದ ಜೆಲಟಿನ್ನಿನ ಶುಷ್ಕಫಲಕ ಮುಂದಿನ ದಶಕದಲ್ಲಿ ಪರಿಷ್ಕಾರಗೊಂಡು ಸೆಕೆಂಡಿನ ಅಲ್ಪಾಂಶದಲ್ಲಿ ಬಿಂಬವನ್ನು ಗ್ರಹಿಸತೊಡಗಿದ ಮೇಲೆ, ಮುಕ್ಕಾಲಿಯನ್ನು ಬಿಟ್ಟು ನಡೆಯುವುದು ಮೊದಲ ಬಾರಿಗೆ ಸಾಧ್ಯವಾಯಿತು. ೧೮೮೮ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿಯೊಡನೆ ಮಾರಾಟಕ್ಕೆ ತಂದ ಕೊಡಕ್ ಪೆಟ್ಟಿಗೆ ಹುಟ್ಟಿನಿಂದಲೇ ಕೈಯ ಕ್ಯಾಮರಾ ಆಗಿದ್ದಿತು. ಆದರೂ ಸ್ಮಾರಕಗಳನ್ನು ದಾಖಲಿಸುವ ಪಂಡಿತವರ್ಗ ಮುಕ್ಕಾಲಿಯನ್ನು ಬಿಡಲಿಲ್ಲ; ನಿಜಾಮರ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿಯವರು ೧೯೪೭ರಲ್ಲಿ ಹೊರತಂದ ಬೀದರದ ಇತಿಹಾಸ ಮತ್ತು ಸ್ಮಾರಕಗಳ ಬೃಹದ್ಗ್ರಂಥದಂಥ ಕಾರ್ಯಕ್ಕೆ ಅವಸರವಿಲ್ಲದ ಆ ಶಿಸ್ತೇ ತಕ್ಕುದು.

ಕೈ ನಡುಗಿದರೆ ಚಿತ್ರ ಕೆಡುವುದೆಂಬುದು ಪೆಟ್ಟಿಗೆ ಕ್ಯಾಮರಾದ ಕಾಲದ ಜನರಿಗೆ ಅಷ್ಟಾಗಿ ಬಾಧೆಯಾಗದಿದ್ದುದಕ್ಕೆ ಕಾರಣ ರೇಖಾಗಣಿತದಲ್ಲಿದೆ: ಆಗಿನ ಮುದ್ರಣ ಬಹುಪಾಲು ಋಣಬಿಂಬದಷ್ಟೇ ಗಾತ್ರದ್ದಾಗಿದ್ದಿತು, ಬಿಂಬ ದೊಡ್ಡದಾಗದಿದ್ದಲ್ಲಿ ನಡುಕವೂ ದೊಡ್ಡದಾಗುತ್ತಿರಲಿಲ್ಲ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ೧೯೨೫ರಲ್ಲಿ ೨೪ಕ್ಕೆ ೩೬ ಮಿಲಿಮೀಟರಿನ ಪುಟ್ಟ ಚೌಕಟ್ಟನ್ನು ರೂಢಿಗೆ ತಂದಾಗ ಪರಿಸ್ಥಿತಿ ತಲೆಕೆಳಗಾಯಿತು. ೫೦ ಮಿಲಿಮೀಟರಿನ ಮಸೂರ ಹೊತ್ತ ಕ್ಯಾಮರಾ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ಹೊರಳಿದರೆ ಫಿಲ್ಮಿನ ಮೇಲೆ ಬಿಂಬ ಸುಮಾರು ೦.೦೯ ಮಿಲಿಮೀಟರು ಸರಿಯುವುದು. ಎಂಟು ಪಟ್ಟು ಹಿಗ್ಗಿಸಿದ ಮುದ್ರಣದಲ್ಲಿ ಅದು ೦.೭ ಮಿಲಿಮೀಟರಿನ ಮಸುಕಾಗಿ ಯಾರ ಕಣ್ಣಿಗಾದರೂ ಬೀಳುವುದು. ೩೦೦ ಮಿಲಿಮೀಟರಿನ ದೂರಮಸೂರದಲ್ಲಿ ಅದೇ ದೋಷ ಆರ್ಮಡಿಯಾಗುವುದು. ನಿಶ್ಚಲ ಹಸ್ತವೆಂಬುದು ಅಭ್ಯಾಸದಿಂದ ಪಡೆಯಬೇಕಾದ ವಿದ್ಯೆಯೆಂಬ ಅರಿವು ಪ್ರಬಲವಾದುದು ಈ ಚಿಕ್ಕ ಫಿಲ್ಮಿನಿಂದಲೇ.

ಆ ವಿದ್ಯೆಯ ಸೂತ್ರಗಳು ಕ್ರಮೇಣ ಸ್ಥಿರವಾದವು. ಷಟರಿನ ಅವಧಿ ಮಸೂರದ ಸಂಗಮದೂರದ ವಿಲೋಮಕ್ಕಿಂತ ದೀರ್ಘವಾಗಿರಬಾರದು, ಎಂದರೆ ೫೦ ಮಿಲಿಮೀಟರಿಗೆ ೧/೫೦ ಸೆಕೆಂಡು, ೩೦೦ಕ್ಕೆ ೧/೩೦೦ ಸೆಕೆಂಡು ಎಂಬುದು ಮೊದಲನೆಯದು. ಉಳಿದವು ದೇಹಕ್ಕೆ ಸಂಬಂಧಪಟ್ಟವು. ಆರೋಗ್ಯವಂತನ ಕೈಯಲ್ಲಿಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಬಾರಿಯ ಸೂಕ್ಷ್ಮಕಂಪನ ಸಹಜವಾಗಿ ಇದ್ದೇ ಇರುವುದಾದುದರಿಂದ ಅದನ್ನು ಇಲ್ಲವಾಗಿಸುವುದು ಅಸಾಧ್ಯ. ಅದನ್ನು ಮೈಯ ಭಾರದಲ್ಲಿ ಲೀನಗೊಳಿಸುವುದು ಮಾತ್ರ ಸಾಧ್ಯ. ಆದಕಾರಣ ಮೊಣಕೈಗಳನ್ನು ಪಕ್ಕೆಗಳಿಗೆ ಒತ್ತಿ, ಎಡ ಅಂಗೈಯನ್ನು ಮಸೂರದ ಕೆಳಗಿಟ್ಟು, ಕ್ಯಾಮರಾದ ಬೆನ್ನನ್ನು ಹಣೆಗೆ ಆನಿಸಿ, ಉಸಿರು ಬಿಟ್ಟ ಮೇಲಿನ ಸಣ್ಣ ವಿರಾಮದಲ್ಲಿ ಗುಂಡಿಯನ್ನು ಕುಕ್ಕದೆ ಮೆಲ್ಲನೆ ಒತ್ತಬೇಕು. ೧೯೨೯ರಲ್ಲಿ ಬಂದ ರೋಲೈಫ್ಲೆಕ್ಸನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಕೊರಳಪಟ್ಟಿ ಬಿಗಿಯಾಗುವಂತೆ ಕೆಳಕ್ಕೆ ಎಳೆಯುವ ಪದ್ಧತಿಯೂ, ಕ್ಯಾಮರಾದ ತಳದ ತಿರುಪಿಗೆ ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಪಾದದಿಂದ ಮೆಟ್ಟಿ ಮೇಲಕ್ಕೆ ಜಗ್ಗುವ ಉಪಾಯವೂ ಇದೇ ತತ್ತ್ವದ ರೂಪಾಂತರಗಳು.

ನಮ್ಮ ನಾಡಿನಲ್ಲಿ ಆಗ್ಫಾ ಕ್ಲಿಕ್‌ನಂಥ ಸರಳ ಕ್ಯಾಮರಾಗಳೂ, ೧೯೬೦ರಲ್ಲಿ ಸ್ಥಾಪಿತವಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮೂ ಈ ಹವ್ಯಾಸವನ್ನು ಮಧ್ಯಮವರ್ಗದ ಮನೆಗಳಿಗೆ ತಂದವು. ೧೦೦ರ ವೇಗದ ಫಿಲ್ಮಿಗೆ ಬೀದರದ ಮಧ್ಯಾಹ್ನದ ಬಿಸಿಲಿನಲ್ಲಿ ಎಫ್/೧೬ರ ರಂಧ್ರದಲ್ಲಿಯೂ ೧/೧೨೫ ಸೆಕೆಂಡು ದೊರೆಯುವುದರಿಂದ, ಗವಾನನ ಮಿನಾರಿನ ಮುಂದೆ ಯಾರ ಕೈಯೂ ಸೋಲದು. ಮದುವೆಯ ಮಂಟಪದಲ್ಲಿ ಸ್ಟುಡಿಯೋದವರನ್ನು ಕಾಯ್ದುದು ಫ್ಲ್ಯಾಷು. ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ ಮುಗಿದುಹೋಗುವುದಾಗಿ, ಭಾಲ್ಕಿಯ ವರನೂ ಔರಾದಿನ ವಧುವೂ ಅಲುಗದೆ ಆಲ್ಬಮ್ಮಿನಲ್ಲಿ ಉಳಿದರು. ಆದರೆ ಸಂರಕ್ಷಿತ ಸ್ಮಾರಕದೊಳಗೆ ಹಳೆಯ ವರ್ಣಗಳ ಮೇಲೆ ಆ ಮಿಂಚನ್ನು ಸುರಿಯುವುದು ಸಲ್ಲದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ನಿಯಮದಂತೆ ಅನುಮತಿಯಿಲ್ಲದೆ ಮುಕ್ಕಾಲಿಯನ್ನು ಒಯ್ಯುವಂತೆಯೂ ಇಲ್ಲ. ಹೀಗೆ ಎರಡು ಆಸರೆಗಳೂ ತಪ್ಪಿದಾಗ, ಸೋಲಾ ಖಂಬಾದ ಸ್ತಂಭಕ್ಕೆ ಭುಜ ಒರಗಿಸಿ ನಿಲ್ಲುವ ಸಾಮಾನ್ಯ ಯಾತ್ರಿಕನು ತನಗರಿವಿಲ್ಲದೆಯೇ ಈ ವಿದ್ಯೆಯ ವಿದ್ಯಾರ್ಥಿಯಾಗುವನು.

ಕೋಟೆಯ ಹೊರಗಿನ ಬಯಲಿನಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಔರಾದ ಮತ್ತು ಬೀದರ ಸೀಮೆಯ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ; ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಅಂಚಿನಲ್ಲಿ ನೀರುಹಕ್ಕಿಗಳಿವೆ. ಇಲ್ಲಿ ಬೆಳಕಿಗೆ ಕೊರತೆಯಿಲ್ಲ, ದೂರವೇ ಶತ್ರು. ಮದ್ರಾಸಿನ ಎಂ. ಕೃಷ್ಣನ್, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ನಿಧಾನಗತಿಯ ಫಿಲ್ಮಿನ ಕಾಲದಲ್ಲಿಯೇ ವನ್ಯಜೀವಿ ಛಾಯಾಚಿತ್ರಣವನ್ನು ಕಲೆಯ ಮಟ್ಟಕ್ಕೆ ಏರಿಸಿದುದು ದೂರಮಸೂರದ ಈ ಭಾರವನ್ನು ಹೊತ್ತುಕೊಂಡೇ. ಓಡುವ ಮೃಗದ ವಿಷಯದಲ್ಲಂತೂ ನಿಶ್ಚಲತೆಯ ಅರ್ಥವೇ ಬದಲಾಗುವುದು: ೧/೬೦ ಸೆಕೆಂಡಿನಷ್ಟು ದೀರ್ಘ ಅವಧಿಯನ್ನಿಟ್ಟು, ಸೊಂಟದಿಂದ ಮೇಲಕ್ಕೆ ಮೈಯನ್ನು ಮೃಗದ ವೇಗಕ್ಕೆ ಸರಿಯಾಗಿ ತಿರುಗಿಸುತ್ತ ಗುಂಡಿ ಒತ್ತಿದಲ್ಲಿ, ಮೃಗ ಸ್ಫುಟವಾಗಿ ನಿಂತು ಹುಲ್ಲು ಗೆರೆಗೆರೆಯಾಗಿ ಹರಿಯುವುದು. ನೂಲುವ ಕೈ ನೂಲಿನೊಡನೆಯೇ ಹಿಂದೆ ಸರಿಯುವಂತೆ ಇಲ್ಲಿ ಚಲನೆಯೇ ಸ್ಥೈರ್ಯ.

ಮಸೂರ ತಯಾರಕರು ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿದುದು ಕಳೆದ ಶತಮಾನದ ಕೊನೆಯಲ್ಲಿ. ೧೯೯೪ರಲ್ಲಿ ನಿಕಾನಿನ ಒಂದು ಚಿಕ್ಕ ಕ್ಯಾಮರಾದಲ್ಲಿಯೂ, ೧೯೯೫ರಲ್ಲಿ ಕೆನಾನಿನ ೭೫-೩೦೦ ಮಿಲಿಮೀಟರಿನ ಮಸೂರದಲ್ಲಿಯೂ ಕಂಪನವನ್ನು ಅಳೆಯುವ ಸಂವೇದಕ ಕಾಣಿಸಿಕೊಂಡಿತು. ಕೈ ಎತ್ತ ವಾಲಿತೋ ಅದಕ್ಕೆ ಪ್ರತಿಯಾಗಿ ಮಸೂರದ ಒಂದು ಗಾಜುಗುಂಪನ್ನು ಸರಿಸಿ ಬಿಂಬವನ್ನು ಸ್ವಸ್ಥಾನದಲ್ಲಿ ನಿಲ್ಲಿಸುವುದು ಅದರ ಕ್ರಮ. ೨೦೦೩ರಲ್ಲಿ ಮಿನೋಲ್ಟಾ ಸಂಸ್ಥೆ ಗಾಜಿಗೆ ಬದಲು ಬಿಂಬಗ್ರಾಹಕ ಫಲಕವನ್ನೇ ಚಲಿಸುವಂತೆ ಮಾಡಿತು. ೨೦೧೨ರಲ್ಲಿ ಒಲಿಂಪಸ್ ಆ ಚಲನೆಯನ್ನು ಐದು ಅಕ್ಷಗಳಿಗೆ ವಿಸ್ತರಿಸಿತು. ಅದೇ ವರ್ಷ ನೋಕಿಯಾದ ಲೂಮಿಯಾ ೯೨೦ರ ಮೂಲಕ ಈ ಸೌಕರ್ಯ ಮೊಬೈಲಿಗೂ ಬಂದು, ೨೦೧೮ರಲ್ಲಿ ಗೂಗಲಿನ ಪಿಕ್ಸೆಲ್ ಫೋನು ಕತ್ತಲೆಯಲ್ಲಿ ಹಲವು ಕ್ಷಣಚಿತ್ರಗಳನ್ನು ತೆಗೆದು ಒಂದರ ಮೇಲೊಂದನ್ನು ಹೊಂದಿಸಿ ಒಂದೇ ಚಿತ್ರವಾಗಿಸುವ ಗಣಕವಿಧಾನವನ್ನು ಜನಪ್ರಿಯಗೊಳಿಸಿತು. ೧/೫೦ ಸೆಕೆಂಡಿನ ಹಳೆಯ ಮಿತಿ ಐದು ಸ್ಟಾಪುಗಳ, ಎಂದರೆ ಅವಧಿ ಐದು ಬಾರಿ ಇಮ್ಮಡಿಸುವಷ್ಟು, ಸಹಾಯದಿಂದ ಅರೆ ಸೆಕೆಂಡನ್ನು ದಾಟುವುದಾಗಿ, ಅಷ್ಟೂರಿನ ಒಳಗುಮ್ಮಟ ಮುಕ್ಕಾಲಿಯಿಲ್ಲದ ಯಾತ್ರಿಕನಿಗೂ ಇಂದು ಎಟುಕಿದೆ.

ಆದರೆ ಯಂತ್ರ ಸರಿಪಡಿಸುವುದು ಹಿಡಿದವನ ನಡುಕವನ್ನೇ ಹೊರತು ಎದುರಿಗಿದ್ದವರ ಚಲನೆಯನ್ನಲ್ಲ. ಅಹಮದ್ ಶಾಹ ವಲಿಯ ಉರುಸಿಗೆ ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರು ಬಂದು ಮುಂದಾಳಾಗಿ ನಡೆಸುವ ಉತ್ಸವದ ರಾತ್ರಿಯಲ್ಲಿ, ಅರೆ ಸೆಕೆಂಡಿನ ಚಿತ್ರ ಸಮಾಧಿಯ ಕಲ್ಲನ್ನು ಸ್ಫುಟವಾಗಿಯೂ ಜನರನ್ನು ಹೊಗೆಯಂತೆಯೂ ತೋರಿಸುವುದು; ಜನರ ಮುಖಗಳೇ ಬೇಕಾದಲ್ಲಿ ೧/೧೨೫ ಸೆಕೆಂಡಿಗೆ ಮರಳಿ, ಐಎಸ್ಒ ಮಟ್ಟವನ್ನು ಏರಿಸಿ, ಚಿತ್ರದಲ್ಲಿ ಕಾಳುಕಾಳಾದ ಗದ್ದಲವನ್ನು ಸಹಿಸಬೇಕಾಗುವುದು. ಹೊಸ ಪೀಳಿಗೆಯ ಛಾಯಾಗ್ರಾಹಕನು ಕ್ಯಾಮರಾ ಎತ್ತುವುದಕ್ಕೆ ಮೊದಲು, ಕಲ್ಲು ನಿಲ್ಲಬೇಕೋ ಜನ ನಿಲ್ಲಬೇಕೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು; ಮೊಣಕೈಯ ಒತ್ತು, ಉಸಿರಿನ ವಿರಾಮ, ಸ್ತಂಭದ ಆಸರೆಗಳೆಲ್ಲ ಆ ನಿಶ್ಚಯಕ್ಕೆ ಅಧೀನವಾದ ಸಾಧನಗಳಾದುದರಿಂದ, ಅವನ್ನು ಕಲಿಯದವನಿಗೆ ಆಯ್ಕೆಯ ಅವಕಾಶವೂ ಯಂತ್ರ ಬಿಟ್ಟುಕೊಟ್ಟಷ್ಟೇ ದಕ್ಕುವುದು.