ಹರಿಯೋ ನೀರಲ್ಲಿ ಕೋಲಿಟ್ಟವರು

2012ರ ಜುಲೈ 1, ಭಾನುವಾರ. ಬೆಂಗಳೂರಲ್ಲಿ ನನ್ನ ನೈಟ್ ಶಿಫ್ಟ್ ಮುಗಿಯೋಕೆ ಇನ್ನು ಅರ್ಧ ಗಂಟೆ ಇತ್ತು. ಆಗ ನನ್ನ ಕೆಲಸ ಅಂದ್ರೆ ಪರದೆ ಮೇಲಿನ ಗೆರೆಗಳನ್ನು ನೋಡ್ತಾ ಕೂರೋದು, ಯಾವುದಾದ್ರೂ ಗೆರೆ ಕೆಂಪಾದ್ರೆ ಸೀನಿಯರ್‌ನ ಎಬ್ಬಿಸೋದು. ಸರಿಯಾಗಿ 5:30ಕ್ಕೆ ಹತ್ತಾರು ಸರ್ವರ್‌ಗಳ ಸಿಪಿಯು ಒಟ್ಟಿಗೇ ನೆತ್ತಿಗೇರಿತು. ರಾತ್ರಿ ಯಾರೂ ಹೊಸ ಕೋಡ್ ಹಾಕಿರಲಿಲ್ಲ. ಬಳಕೆದಾರರೂ ಹೆಚ್ಚಾಗಿರಲಿಲ್ಲ, ಭಾನುವಾರ ಬೆಳಗಿನ ಜಾವ ಯಾರು ಬರ್ತಾರೆ?

ಸೀನಿಯರ್ ಎದ್ದರು, ಅವರಿಗಿಂತ ಸೀನಿಯರ್ ಎದ್ದರು. ಒಂದೆರಡು ಗಂಟೆ ಒದ್ದಾಡಿದ ಮೇಲೆ ಯಾರೋ ಫೋನಲ್ಲಿ ಒಂದು ಮದ್ದು ಹೇಳಿದರು: ಮಷೀನಿಗೆ ಈಗ ಎಷ್ಟು ಗಂಟೆಯೋ ಅದೇ ಗಂಟೆಯನ್ನು ಮತ್ತೊಮ್ಮೆ ಸೆಟ್ ಮಾಡು. ಅಷ್ಟೇ. ನಾನೇ ಟೈಪ್ ಮಾಡಿದೆ. ಗೆರೆಗಳು ಒಂದೊಂದಾಗಿ ಕೆಳಗಿಳಿದವು, ನಮ್ಮೂರಲ್ಲಿ ಬೇವಿನ ಸೊಪ್ಪಿನಿಂದ ನಿವಾಳಿಸಿದ ಮೇಲೆ ಮಗು ಅಳು ನಿಲ್ಲಿಸ್ತದಲ್ಲ, ಹಾಗೆ. ಎಲ್ಲರೂ ಇಡ್ಲಿ ತಿನ್ನೋಕೆ ಹೋದರು. ಏನಾಗಿತ್ತು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನೋದು ಯಾರಿಗೂ ಬೇಜಾರೂ ಆಗಿರಲಿಲ್ಲ. ನನಗೆ ಮಾತ್ರ ಆಗಿತ್ತು.

ಆಗಿದ್ದು ಇಷ್ಟು. ಭೂಮಿ ತಿರುಗೋದು ಪರಮಾಣು ಗಡಿಯಾರದಷ್ಟು ಕರಾರುವಾಕ್ಕಲ್ಲ. ಎರಡೂ ಹೊಂದಲಿ ಅಂತ 1972ರಿಂದ ಆಗಾಗ ಲೋಕದ ಗಡಿಯಾರಕ್ಕೆ ಒಂದು ಸೆಕೆಂಡ್ ಸೇರಿಸ್ತಾರೆ. ಆ ಸಲ ಸೇರಿಸಿದ್ದು ಜೂನ್ 30ರ ಅಂತರರಾಷ್ಟ್ರೀಯ ಮಧ್ಯರಾತ್ರಿಗೆ, ಅಂದ್ರೆ ನಮ್ಮ ಬೆಳಗಿನ 5:30ಕ್ಕೆ. ಲಿನಕ್ಸ್ ಕರ್ನಲ್‌ನಲ್ಲಿ ಗಡಿಯಾರ ನೋಡಿಕೊಳ್ಳೋ ಭಾಗ ಆ ಸೆಕೆಂಡನ್ನು ಸರಿಯಾಗೇ ಲೆಕ್ಕಕ್ಕೆ ತಗೊಂಡಿತು. ಆದರೆ ಅಲಾರಂಗಳನ್ನು ನೋಡಿಕೊಳ್ಳೋ ಭಾಗಕ್ಕೆ ಸುದ್ದಿ ಮುಟ್ಟಿಸಲಿಲ್ಲ. ಅದರ ಲೆಕ್ಕ ಒಂದು ಸೆಕೆಂಡ್ ಮುಂದೆ ಓಡಿತು. ಅರ್ಧ ಸೆಕೆಂಡ್ ಮಲಗಿ ಏಳ್ತೀನಿ ಅಂದ ಪ್ರೋಗ್ರಾಂಗೆ ತಲೆ ಇಡೋ ಮೊದಲೇ 'ಹೊತ್ತಾಯ್ತು ಏಳು' ಅಂತ ಕೂಗು. ಎದ್ದು ನೋಡಿದ್ರೆ ಏನೂ ಕೆಲಸ ಇಲ್ಲ, ಮತ್ತೆ ಮಲಗು, ಮತ್ತೆ ಕೂಗು. ಸೆಕೆಂಡಿಗೆ ಸಾವಿರಾರು ಸಲ. ಆ ಬೆಳಿಗ್ಗೆ ರೆಡಿಟ್, ಮೊಜಿಲ್ಲಾ ಕೂಡ ನರಳಿದವು. ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನಗಳ ಚೆಕ್-ಇನ್ ನಿಂತಿತು. ಗಂಟೆಯನ್ನು ಮತ್ತೆ ಸೆಟ್ ಮಾಡಿದ್ದು ಯಾಕೆ ಕೆಲಸ ಮಾಡಿತು ಅಂದ್ರೆ, ಹಾಗೆ ಸೆಟ್ ಮಾಡಿದಾಗ ಕರ್ನಲ್ ಅಲಾರಂ ಭಾಗಕ್ಕೂ ಸುದ್ದಿ ಹೇಳ್ತದೆ. ಜಾನ್ ಸ್ಟಲ್ಟ್ಸ್ ಅನ್ನೋ ಡೆವಲಪರ್ ಅದೇ ತಿಂಗಳು ಇದನ್ನು ಬೇರುಸಮೇತ ಸರಿಪಡಿಸಿದರು.

ಇದೆಲ್ಲ ನನಗೆ ತಿಳಿದದ್ದು ವಾರಗಳ ನಂತರ, ಓದಿ. ನಡೀತಿರೋ ಮಷೀನಿನ ಹೊಟ್ಟೆಯೊಳಗೆ ಆ ಹೊತ್ತಲ್ಲೇ ಇಣುಕಿ ನೋಡೋಕೆ ಆಗ್ತಿರಲಿಲ್ವಾ ಅನ್ನೋ ಪ್ರಶ್ನೆ ಹಾಗೇ ಉಳೀತು.

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಹೊಲ ಇರೋದು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ 'ಕೊನೆ ಭಾಗ' ಅಂತ ಪೇಪರಿನವರು ಬರೀತಾರಲ್ಲ, ಅಲ್ಲಿ. ಡ್ಯಾಂ ಇರೋದು ಹೊಸಪೇಟೆ ಹತ್ತಿರ, ಕಾಲುವೆ 200 ಕಿಲೋಮೀಟರಿಗಿಂತ ಉದ್ದ. ಮೇಲೆ ಗಂಗಾವತಿ, ಸಿಂಧನೂರು ದಾಟಿ ನಮ್ಮ ನೆಲ್ಲಿಗೆ ನೀರು ಬರೋ ಹೊತ್ತಿಗೆ ಎಷ್ಟು ಉಳಿದಿದ್ರೆ ಅಷ್ಟು. ಅವ್ವನ ತವರು ದೇವದುರ್ಗ ಕಡೆ, ಅಲ್ಲಿ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ನದಿ ಬೇರೆ, ಗೋಳು ಒಂದೇ.

ನೀರು ನಿಂತ ರಾತ್ರಿ ನಮ್ಮ ಕಾಕ ಬೈಕ್ ತೆಗೀತಿದ್ದ, ನಾನು ಹಿಂದೆ ಬ್ಯಾಟರಿ ಹಿಡಿದು ಕೂರ್ತಿದ್ದೆ. ನಮ್ಮ ಹೊಲದಿಂದ ಶುರು ಮಾಡಿ ಒಂದೊಂದೇ ಗೇಟು ನೋಡ್ತಾ ಹೋದ್ರೆ ಬೆಳಗಾಗ್ತದೆ. ಕಾಕ ಸೀದಾ ಅರ್ಧ ದಾರಿಗೆ ಹೋಗೋನು. ಅಲ್ಲಿ ಕೋಲು ಊರಿ ನೀರಿನ ಮಟ್ಟ ನೋಡೋನು. ಅಲ್ಲಿ ನೀರಿದ್ರೆ ತೊಂದರೆ ಕೆಳಗೆ, ಇಲ್ಲದಿದ್ರೆ ಮೇಲೆ. ಉಳಿದಿದ್ದರಲ್ಲಿ ಮತ್ತೆ ಅರ್ಧ. ನಾಲ್ಕೈದು ಸಲ ನಿಲ್ಲಿಸೋದರೊಳಗೆ ಕಟ್ಟಿಕೊಂಡ ಗೇಟೋ, ಯಾರೋ ಹಚ್ಚಿದ ಪಂಪ್‌ಸೆಟ್ಟೋ ಸಿಗೋದು. ಒಂದು ಸಲ ನಾನು, "ಕಾಲುವಿ ಬಂದ್ ಮಾಡಿ ಹಗಲತ್ತು ನೋಡಿದ್ರ ಬರಂಗಿಲ್ಲೇನು ಕಾಕ?" ಅಂದೆ. "ಬಂದ್ ಮಾಡಿದ್ರ ಏನ್ ನೋಡ್ತಿ ತಮ್ಮ, ಮಣ್ಣು? ನೀರು ಹರಿಯುವಾಗ್ಲೇ ನೋಡ್ಬೇಕು" ಅಂದ.

ಕಾಕನ ಮೊದಲ ಉಪಾಯಕ್ಕೆ ಕರ್ನಲ್ ಲೋಕದಲ್ಲಿ ಬೈಸೆಕ್ಟ್ ಅಂತ ಹೆಸರು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದ, ಆ ವರ್ಷವೇ ಅದರೊಳಗೆ ಬೈಸೆಕ್ಟ್ ಕೂಡ ಬಂತು. ಹಳೇ ಕರ್ನಲ್ ಸರಿ ಇತ್ತು, ಹೊಸದು ಕೆಟ್ಟಿದೆ, ನಡುವೆ ಸಾವಿರ ಬದಲಾವಣೆಗಳಿವೆ ಅಂದ್ರೆ ಹತ್ತು ಸಲ ಅರ್ಧ ಮಾಡಿದ್ರೆ ತಪ್ಪಿತಸ್ಥ ಬದಲಾವಣೆ ಸಿಕ್ಕಿಬೀಳ್ತದೆ. ಕೋಡ್ ಓದೋಕೆ ಬರದವನೂ ಇದನ್ನು ಮಾಡಬಹುದು. ತಾಳ್ಮೆ ಇದ್ರೆ ಸಾಕು.

ಎರಡನೇ ಮಾತು, ಹರಿಯೋ ನೀರಲ್ಲೇ ನೋಡೋದು, ಅಷ್ಟು ಸಲೀಸಾಗಿ ಬರಲಿಲ್ಲ. ಅದರ ಕತೆ ಹೇಳೋಕೇ ಇದನ್ನು ಬರೀತಿರೋದು.

1991ರ ಆಗಸ್ಟ್ 25ರಂದು 21 ವರ್ಷದ ಲಿನಸ್, ಹೆಲ್ಸಿಂಕಿಯಲ್ಲಿ, ನಾನೊಂದು ಆಪರೇಟಿಂಗ್ ಸಿಸ್ಟಂ ಮಾಡ್ತಿದ್ದೀನಿ, ಹವ್ಯಾಸಕ್ಕೆ ಅಷ್ಟೇ, ಅಂತ ಜಗತ್ತಿಗೆ ಹೇಳಿಕೊಂಡ. ಅವನು ಕಲಿತದ್ದು ಆಮ್‌ಸ್ಟರ್‌ಡ್ಯಾಂನ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಪಾಠಕ್ಕಾಗಿ ಬರೆದ ಮಿನಿಕ್ಸ್ ನೋಡಿ. ಮುಂದಿನ ಜನವರಿಯಲ್ಲೇ ಆ ಪ್ರೊಫೆಸರ್, ಲಿನಕ್ಸ್‌ನ ರಚನೆಯೇ ಹಳೇ ಕಾಲದ್ದು ಅಂತ ಜಗಳ ತೆಗೆದರು. ಅವರ ತಕರಾರು ಏನಂದ್ರೆ, ಎಲ್ಲವನ್ನೂ ಒಂದೇ ಮನೆಯೊಳಗೆ ತುಂಬಿದ್ದೀಯ. ಅವರ ಮಾತಲ್ಲಿ ಹುರುಳಿತ್ತು ಅಂತ ಯಾವುದೋ ಅಗ್ಗದ ವೈಫೈ ಡ್ರೈವರಿನ ತಪ್ಪಿಗೆ ಇಡೀ ಮಷೀನ್ ಬಿದ್ದಾಗೆಲ್ಲ ನನಗೆ ಅನಿಸಿದೆ. ಆದರೂ ಗೆದ್ದದ್ದು ಲಿನಸ್. ಯಾಕೆ ಅನ್ನೋದು ಬೇರೆ ಲೇಖನ.

ಮೊದಲ ಹತ್ತು ವರ್ಷ ಈ ಮನೆಯಲ್ಲಿ ತೊಂದರೆ ಹುಡುಕೋ ದಾರಿ ತೀರಾ ಒರಟು. ಕೋಡಿನ ನಡುನಡುವೆ 'ಇಲ್ಲಿವರೆಗೆ ಬಂದೆ' ಅಂತ ಪ್ರಿಂಟ್ ಮಾಡೋ ಸಾಲು ಹಾಕಬೇಕು, ಇಡೀ ಕರ್ನಲ್ ಮತ್ತೆ ಕಂಪೈಲ್ ಮಾಡಬೇಕು, ರೀಬೂಟ್ ಮಾಡಬೇಕು. ಎಷ್ಟೋ ಸಲ ರೀಬೂಟ್ ಆದ ಕೂಡಲೇ ಬಗ್ ಮಾಯ. ಅಂದ್ರೆ ಕಾಲುವೆ ಬಂದ್ ಮಾಡಿ ಮಣ್ಣು ನೋಡಿದ ಹಾಗೆ. ಕರ್ನಲ್ ಕುಸಿದು ಬಿದ್ರೆ ಪರದೆ ಮೇಲೆ 'ಊಪ್ಸ್' ಅನ್ನೋ ಸಂದೇಶ, ಕೆಳಗೆ ಬರೀ ಅಂಕಿಗಳು. ಅದನ್ನು ಜನ ಪೆನ್ನು ಹಿಡಿದು ಹಾಳೆ ಮೇಲೆ ಇಳಿಸಿಕೊಳ್ತಿದ್ದರು, ಆಮೇಲೆ ಬೇರೊಂದು ಪ್ರೋಗ್ರಾಂಗೆ ಕೊಟ್ಟು ಯಾವ ಫಂಕ್ಷನ್ನಿನಲ್ಲಿ ಬಿತ್ತು ಅಂತ ಅರ್ಥ ಮಾಡಿಕೊಳ್ತಿದ್ದರು.

ಡೀಬಗರ್ ಸೇರಿಸಪ್ಪಾ ಅಂತ ಜನ ಕೇಳದೇ ಇರಲಿಲ್ಲ. 2000ನೇ ಇಸವಿಯಲ್ಲಿ ಲಿನಸ್ ನನಗೆ ಡೀಬಗರ್ ಅಂದ್ರೆ ಇಷ್ಟವಿಲ್ಲ ಅಂತ ನೇರವಾಗೇ ಹೇಳಿದ. ಹೆಜ್ಜೆಹೆಜ್ಜೆಗೆ ನಿಲ್ಲಿಸಿ ನೋಡೋ ಸೌಲಭ್ಯ ಕೊಟ್ರೆ ಜನ ಯೋಚನೆ ಮಾಡೋದು ಬಿಟ್ಟು ಸಿಕ್ಕಲ್ಲಿ ತೇಪೆ ಹಚ್ತಾರೆ ಅನ್ನೋದು ಅವನ ವಾದ. ಅಹಂಕಾರದ ಮಾತು ಅನ್ನಿ, ಆದರೆ ಆ ಭಾನುವಾರ ತೇಪೆ ಹಚ್ಚಿ ಇಡ್ಲಿ ತಿಂದವನು ನಾನು. ಪೂರ್ತಿ ತಳ್ಳಿಹಾಕೋಕೆ ನನ್ನಿಂದಾಗಲ್ಲ.

ಅದೇ 2000ನೇ ಇಸವಿಯಲ್ಲಿ ಐಬಿಎಂ ಡಿಪ್ರೋಬ್ಸ್ ಅನ್ನೋ ಸಾಧನವನ್ನು ಲಿನಕ್ಸಿಗೆ ಬಿಟ್ಟಿತು. ತಮ್ಮ ಓಎಸ್/2 ಕಾಲದ ಅನುಭವದಿಂದ ಹುಟ್ಟಿದ್ದು ಅದು. ನಡೀತಿರೋ ಕರ್ನಲ್ಲನ್ನು ನಿಲ್ಲಿಸದೇ ಬೇಕಾದ ಜಾಗದಲ್ಲಿ ಇಣುಕೋ ಸಾಧನ. ಏನು ನೋಡಬೇಕು, ಏನು ಬರೆದುಕೊಳ್ಳಬೇಕು ಅಂತ ಹೇಳೋಕೆ ಅದರೊಳಗೆ ಒಂದು ಪುಟ್ಟ ಭಾಷೆ, ಆ ಭಾಷೆಯನ್ನು ಕರ್ನಲ್ ಒಳಗೇ ಕೂತು ನಡೆಸೋ ಯಂತ್ರ. ಕರ್ನಲ್ ಮಂದಿಗೆ ಇದು ಭಾರ ಅನಿಸಿತು. ಇಷ್ಟೆಲ್ಲ ನಮ್ಮ ಮನೆಯೊಳಗೆ ಯಾಕೆ?

ಆಗ ಬೆಂಗಳೂರಿನ ಐಬಿಎಂ ಎಂಜಿನಿಯರುಗಳು ಮಾಡಿದ ಕೆಲಸ ನನಗೆ ತುಂಬ ಇಷ್ಟ. ಜಗಳಕ್ಕೆ ನಿಲ್ಲಲಿಲ್ಲ, ಮೂಟೆ ಕಟ್ಟಿಕೊಂಡು ಹೋಗಲೂ ಇಲ್ಲ. ಇಡೀ ಸಾಧನದಿಂದ ಅತಿ ಚಿಕ್ಕ ತಿರುಳನ್ನು ಮಾತ್ರ ಬಿಡಿಸಿ ತೆಗೆದರು. 2002ರಲ್ಲಿ ವಂಶಿಕೃಷ್ಣ ಅದಕ್ಕೊಂದು ರೂಪ ಕೊಟ್ಟರು. ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಮುಂದುವರಿಸಿದರು. ಹೊರಗಿನವರು ಹೇಳಿದ ತಿದ್ದುಪಡಿಗಳನ್ನು ಒಂದೊಂದಾಗಿ ಸೇರಿಸಿದರು. 2004ರ ಅಕ್ಟೋಬರಿನಲ್ಲಿ ಬಂದ 2.6.9ರೊಳಗೆ ಅದು ಸೇರಿತು. ಹೆಸರು ಕೆಪ್ರೋಬ್ಸ್.

ಅದು ಮಾಡೋದು ಕಾಕನ ಕೋಲಿನ ಕೆಲಸ. ಯಾವ ಜಾಗ ನೋಡಬೇಕೋ ಅಲ್ಲಿರೋ ಆಜ್ಞೆಯ ಮೊದಲ ಬೈಟನ್ನು ತೆಗೆದಿಟ್ಟು, ಅಲ್ಲಿ 'ನಿಲ್ಲು' ಅನ್ನೋ ಒಂದು ಬೈಟ್ ಇಡ್ತದೆ. ನಮ್ಮ ಮಾಮೂಲಿ ಪಿಸಿಗಳಲ್ಲಾದ್ರೆ ಒಂದೇ ಒಂದು ಬೈಟ್. ಸಿಪಿಯು ಅಲ್ಲಿಗೆ ಬಂದು ಮುಗ್ಗರಿಸ್ತದೆ, ಆ ಕ್ಷಣದಲ್ಲಿ ನಾವು ಬರೆದ ಪುಟ್ಟ ಫಂಕ್ಷನ್ ಓಡ್ತದೆ: ಯಾರು ಕರೆದರು, ಯಾವ ಬೆಲೆ ಹಿಡಿದು ಬಂದರು, ಗಂಟೆ ಎಷ್ಟು. ಆಮೇಲೆ ತೆಗೆದಿಟ್ಟ ಮೂಲ ಆಜ್ಞೆಯ ನಕಲನ್ನು ಬೇರೆ ಜಾಗದಲ್ಲಿ ನಡೆಸಿ, ಸಿಪಿಯುವನ್ನು ಅದರ ದಾರಿಗೆ ಬಿಡ್ತದೆ. ಕೆಲಸ ಮುಗಿದ ಮೇಲೆ ಕೋಲು ಕಿತ್ತುಕೊಂಡ್ರೆ ಗುರುತೂ ಉಳಿಯಲ್ಲ. ಕಂಪೈಲ್ ಇಲ್ಲ, ರೀಬೂಟ್ ಇಲ್ಲ. ಒಂದೇ ನಿಯಮ, ಕೆಪ್ರೋಬ್ಸ್‌ನ ಸ್ವಂತ ಕೋಡಿನ ಮೇಲೆ ಕೋಲಿಡೋ ಹಾಗಿಲ್ಲ. ಕೂತ ಕೊಂಬೆಯನ್ನೇ ಕಡಿದ ಹಾಗಾಗ್ತದೆ.

ಇನ್ನೊಂದು ತಮಾಷೆ ನೋಡಿ. 2000ದಲ್ಲಿ ಬೇಡ ಅಂದಿದ್ದು ಕರ್ನಲ್ ಒಳಗೆ ಪುಟ್ಟ ಭಾಷೆ ನಡೆಸೋ ಯಂತ್ರವನ್ನು ತಾನೇ? 2014ರಲ್ಲಿ ಇಬಿಪಿಎಫ್ ಅನ್ನೋ ಹೆಸರಲ್ಲಿ ಅಂಥದ್ದೇ ಒಂದು ಯಂತ್ರ, ಇನ್ನೂ ಜಾಣತನದ್ದು, ಒಳಗೆ ಬಂತು. 2015ರ 4.1ರಲ್ಲಿ ಅದನ್ನು ಕಟ್ಟಿದ್ದು ಯಾವುದಕ್ಕೆ? ಕೆಪ್ರೋಬ್ಸ್‌ಗೆ. ಮುಂಬಾಗಿಲಿಂದ ವಾಪಸ್ ಕಳಿಸಿದ ನೆಂಟ ಹದಿನೈದು ವರ್ಷದ ಮೇಲೆ ಹೊಸ ಅಂಗಿ ತೊಟ್ಟು ಬಂದ, ಹಾರ ಹಾಕಿ ಕರಕೊಂಡರು. ವ್ಯತ್ಯಾಸ ಇಷ್ಟೇ, ಹೊಸ ಯಂತ್ರ ಪ್ರೋಗ್ರಾಂನ ಓಡಿಸೋ ಮೊದಲೇ ಅದು ಅಪಾಯ ಮಾಡಲ್ಲ ಅಂತ ಪರೀಕ್ಷೆ ಮಾಡ್ತದೆ. ಹಳೇದನ್ನು ತಿರಸ್ಕರಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಹದಿನೈದು ವರ್ಷ ಕಾಯೋಕೆ ಅದರ ಚಿಕ್ಕ ತಿರುಳು ಒಳಗಿತ್ತಲ್ಲ, ಅದು ದೊಡ್ಡದು.

ಬೆಂಗಳೂರಿನವರು ಲಿನಕ್ಸಿಗೆ ಏನು ಕೊಟ್ಟರು ಅಂತ ಕೇಳಿದ್ರೆ ಸಾಮಾನ್ಯವಾಗಿ ಸಮ್ಮೇಳನಗಳ ನೆನಪು ಬರ್ತದೆ. ಅತುಲ್ ಚಿಟ್ನಿಸ್ ಮುಂದೆ ನಿಂತು 2001ರಲ್ಲಿ ಶುರು ಮಾಡಿದ ಲಿನಕ್ಸ್ ಬೆಂಗಳೂರು, ಮುಂದೆ ಫಾಸ್ ಡಾಟ್ ಇನ್, 2012ರವರೆಗೆ ನಡೀತು. ಸಾವಿರಾರು ಹುಡುಗರು ಬಂದು ಟೀಶರ್ಟ್ ತಗೊಂಡು ಹೋದರು. ಬರೀ ಬಳಸಬೇಡಿ, ಏನಾದ್ರೂ ಕೊಡಿ ಅಂತ ಚಿಟ್ನಿಸ್ ಕೊನೆಕೊನೆಗೆ ಗದರುತ್ತಲೇ ಇದ್ದರು. ನಾನೂ ಟೀಶರ್ಟಿನ ಗುಂಪೇ.

ಕೆಪ್ರೋಬ್ಸ್‌ನ ಮೂಲ ಫೈಲ್ ತೆರೆದ್ರೆ ತಲೆಬರಹದಲ್ಲಿ ಈ ಇತಿಹಾಸ ಪೂರ್ತಿ ಇದೆ. ಮೊದಲು ಐಬಿಎಂ ಹಕ್ಕಿನ ಸಾಲು. ಆಮೇಲೆ ತಿಂಗಳು, ಹೆಸರು, ಮಾಡಿದ ಕೆಲಸ. 2002 ಅಕ್ಟೋಬರ್ ವಂಶಿಕೃಷ್ಣ, ರಸ್ಟಿ ರಸೆಲ್ ಸಲಹೆ ಸೇರಿ. 2004 ಆಗಸ್ಟ್ ಪ್ರಸನ್ನ. ಅದರ ಕೆಳಗೆ 2004 ಜುಲೈ ಸುಪರ್ಣಾ. ಹೌದು, ಆಗಸ್ಟ್ ಆದ ಮೇಲೆ ಜುಲೈ, ಯಾರೂ ತಿದ್ದಿಲ್ಲ. ಆ ಜುಲೈ ಸಾಲು ಹೇಳೋದು ಜೆಪ್ರೋಬ್ಸ್ ಅನ್ನೋ ಸೌಲಭ್ಯದ ಬಗ್ಗೆ. ಅದಕ್ಕಿಂತ ಒಳ್ಳೇ ದಾರಿಗಳು ಬಂದವು ಅಂತ 2018ರಲ್ಲಿ ಕಿತ್ತುಹಾಕಿದರು. ಕೋಡ್ ಹೋಯ್ತು, ಸಾಲು ಉಳೀತು. ಗುಡಿ ಬಿದ್ದುಹೋಗಿ ದತ್ತಿ ಕೊಟ್ಟ ಕಲ್ಲು ಮಾತ್ರ ನಿಂತಿರ್ತದಲ್ಲ, ನಮ್ಮ ಕಡೆ ಹೊಲಗಳಲ್ಲಿ. ಇನ್ನೊಂದು ಫೈಲಿನಲ್ಲಿ, ಯಾವ ಭಾಗಕ್ಕೆ ಯಾರು ಹೊಣೆ ಅನ್ನೋ ಪಟ್ಟಿಯಲ್ಲಿ, ಕೆಪ್ರೋಬ್ಸ್ ಎದುರು ಅನಂತ್ ಮಾವಿನಕಾಯನಹಳ್ಳಿ ಅನ್ನೋ ಹೆಸರು ಬಹಳ ವರ್ಷ ಇತ್ತು. ಮೊದಲ ಸಲ ಕಂಡಾಗ ಇಂಗ್ಲಿಷ್ ಅಕ್ಷರಗಳಲ್ಲಿದ್ದ ಆ ಉದ್ದನೆ ಹೆಸರನ್ನು ಎರಡು ಸಲ ಜೋರಾಗಿ ಓದಿದ್ದೆ. ಪಕ್ಕದ ಡೆಸ್ಕಿನವನು ಯಾವ ಊರಿಗೆ ಬಸ್ಸು ಅಂತ ಕೇಳಿದ.

ಹೋದ ವರ್ಷ ಕಾಕನ ಕಣ್ಣು ತೋರಿಸೋಕೆ ರಾಯಚೂರಿಗೆ ಕರಕೊಂಡು ಹೋಗಿದ್ದೆ. ಸರದಿ ತಡ ಇತ್ತು, ಕೋಟೆಗೆ ಹೋದೆವು. ಅಲ್ಲಿ ಗೋಡೆಯೊಳಗೆ 40 ಅಡಿಗಿಂತ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ, ಕೋಟೆ ಯಾರು ಕಟ್ಟಿಸಿದರು ಅಂತ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಅನ್ನೋದನ್ನೂ ಗೋಡೆ ಮೇಲೆ ಗೀರಿದ್ದಾರೆ: ಗಾಲಿ ಬಂಡಿ, ಸಾಲು ಸಾಲು ಎಮ್ಮೆ ಕೋಣಗಳು, ಹೊಡೆಯೋ ಆಳುಗಳು, ಹಿಂದಿನಿಂದ ಗಾಲಿಗೆ ಸನಿಕೆ ಕೊಡೋರು. ಕಾಕ ಶಾಸನ ನೋಡಲಿಲ್ಲ. ಮಂಜುಗಣ್ಣನ್ನು ಗೋಡೆಗೆ ತಾಗಿಸಿ ಆ ಬಂಡಿಯನ್ನೇ ನೋಡ್ತಾ ನಿಂತ.

"ಇವ್ರ ಹೆಸರು ಬರದಾರೇನು?"

"ಇಲ್ಲ ಕಾಕ. ಕಟ್ಟಿಸಿದವ್ರದು ಐತಿ. ಇವ್ರದು ಬರೀ ಚಿತ್ರ."

ನಾನು ಫೋನ್ ತೆಗೆದು ಆ ಫೈಲಿನ ತಲೆಬರಹ ತೋರಿಸಿದೆ, ಇಲ್ಲಿ ಬಂಡಿ ಹೊಡೆದವರ ಹೆಸರು ಐತಿ ನೋಡು ಅಂತ. ನಿನ್ನ ಈ ಫೋನಿನೊಳಗೂ ಇದೇ ಲಿನಕ್ಸ್ ಅಂತಲೂ ಹೇಳಿದೆ. ಕಾಕ ಬೆರಳಿಂದ ಪರದೆ ಮೇಲೆ ಕೆಳಗೆ ಕೆಳಗೆ ಸರಿಸಿದ.

"ನಿಂದೆಲ್ಲೈತಿ?"

ಇದೆ, ಒಂದು ಕಡೆ. ಬೇರೊಂದು ಮೂಲೆಯಲ್ಲಿ, ಒಂದು ವಿವರಣೆಯಲ್ಲಿದ್ದ ಕಾಗುಣಿತ ತಿದ್ದಿದ ಒಂದೇ ಸಾಲಿನ ಪ್ಯಾಚ್. ಅದನ್ನು ಹುಡುಕಿ ತೋರಿಸೋ ಹೊತ್ತಿಗೆ ಆಸ್ಪತ್ರೆಯಿಂದ ನಮ್ಮ ಸರದಿ ಬಂತು ಅಂತ ಫೋನ್ ಬಂತು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕಾಕ ಸಂಜೆ ಮಾನ್ವಿ ಬಸ್ಸಿಗೇ ಹೋಗಬೇಕು ಅಂತ ಹಟ ಹಿಡಿದ. ಆ ರಾತ್ರಿ ನಮ್ಮ ಗೇಟಿನ ಸರದಿ ಇತ್ತು.